ಎನ್ವ್ ಫೈಲಿನಲ್ಲಿ ಪಾಸ್‌ವರ್ಡ್‌ಗೆ ಕೋಟ್ಸ್ ಹಾಕಬೇಕಾ, ಬೇಡ್ವಾ? ಲ್ಯಾಪ್‌ಟಾಪಲ್ಲಿ ಸರಿ, ಸರ್ವರಲ್ಲಿ ಕೈಕೊಡುತ್ತಿದೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಸಣ್ಣ ವಿಷಯ, ಆದರೆ ತಲೆ ತಿನ್ನುತ್ತಿದೆ. ನಮ್ಮ ಆ್ಯಪಿನ ಸೆಟ್ಟಿಂಗ್ಸ್ ಎಲ್ಲಾ ಒಂದು ಎನ್ವ್ (.env) ಫೈಲಿನಲ್ಲಿದೆ, ಸಾಲಿಗೊಂದು ಹೆಸರು=ವ್ಯಾಲ್ಯೂ ಅಂತ. ಅದರಲ್ಲಿ ಒಂದು ಸಾಲು ಹೀಗಿದೆ. ಇದು ನಿಜವಾದ ಪಾಸ್‌ವರ್ಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಸುಮ್ನೆ ಕನ್ನಡ ಹಾಕಿದ್ದೇನೆ.

ಡಿಬಿ_ಪಾಸ್="ಕಾವೇರಿ#42"

ಆ್ಯಪನ್ನು ಡಾಕರ್‌ನಲ್ಲಿ, ಅಂದರೆ ಕಂಟೇನರ್ ಅನ್ನೋ ಡಬ್ಬದೊಳಗೆ ಓಡಿಸುತ್ತೇವೆ. ಲ್ಯಾಪ್‌ಟಾಪಿನಲ್ಲಿ ಡಾಕರ್ ಕಂಪೋಸ್‌ನಿಂದ (ಯಾಮಲ್ ಫೈಲ್ ನೋಡಿ ಕಂಟೇನರ್ ಓಡಿಸುವ ಟೂಲ್) ಎಬ್ಬಿಸಿದರೆ ಆರಾಮಾಗಿ ಡೇಟಾಬೇಸ್‌ಗೆ ಕನೆಕ್ಟ್ ಆಗುತ್ತೆ. ಅದೇ ಇಮೇಜ್, ಅದೇ ಫೈಲು, ಟೆಸ್ಟ್ ಸರ್ವರಿನಲ್ಲಿ ಡಾಕರ್ ರನ್ ಜೊತೆ --ಎನ್ವ್-ಫೈಲ್ ಕೊಟ್ಟು ಓಡಿಸಿದರೆ ಪಾಸ್‌ವರ್ಡ್ ತಪ್ಪು ಅನ್ನುತ್ತೆ. ಪಾಸ್‌ವರ್ಡನ್ನು ಕೈಯಲ್ಲೇ ಟೈಪ್ ಮಾಡಿ ಸರ್ವರಿನಿಂದಲೇ ಲಾಗಿನ್ ಆದರೆ ಒಳಗೆ ಬಿಡುತ್ತೆ. ನೆಟ್‌ವರ್ಕ್ ತೊಂದರೆ ಇಲ್ಲ, ಡೇಟಾಬೇಸ್ ತೊಂದರೆ ಇಲ್ಲ. ಹ್ಯಾಶ್ (#) ಇರೋದ್ರಿಂದ ಕೋಟ್ಸ್ ಹಾಕಲೇಬೇಕು ಅಂತ ಸೀನಿಯರ್ ಒಬ್ಬರು ಹೇಳಿದ್ದಾರೆ. ಬೇಡವೇ ಬೇಡ ಅಂತ ಇನ್ನೊಬ್ಬರು. ಯಾರದ್ದು ಸರಿ?

ಡಬ್ಬ_ಡೆವಾಪ್ಸ್

ಇಬ್ಬರದ್ದೂ ಸರಿ, ಬೇರೆ ಬೇರೆ ಕಡೆ.

ಡಾಕರ್ ರನ್ನಿನ --ಎನ್ವ್-ಫೈಲ್ ಕೋಟ್ಸ್ ಅನ್ನೋದನ್ನು ಲೆಕ್ಕಕ್ಕೇ ತಗೊಳ್ಳಲ್ಲ. ಸಾಲಿನಲ್ಲಿ ಮೊದಲ ಸಮ ಚಿಹ್ನೆ ಎಲ್ಲಿದೆ ನೋಡುತ್ತೆ, ಅದರ ಎಡಗಡೆ ಕೀ, ಬಲಗಡೆ ಏನಿದೆಯೋ ಅದು ಇದ್ದ ಹಾಗೇ ವ್ಯಾಲ್ಯೂ. ಸರ್ವರಿನಲ್ಲಿ ನಿಮ್ಮ ಆ್ಯಪ್‌ಗೆ ಸಿಕ್ಕಿರೋ ಪಾಸ್‌ವರ್ಡಿನ ಎರಡೂ ತುದಿಯಲ್ಲಿ ಒಂದೊಂದು ಡಬಲ್ ಕೋಟ್ ಅಂಟಿಕೊಂಡೇ ಇದೆ. ಕಂಪೋಸ್ ಹಾಗಲ್ಲ, ಅದು ಕೋಟ್ಸ್ ಬಿಚ್ಚಿ ಒಳಗಿನದ್ದನ್ನು ಮಾತ್ರ ಕೊಡುತ್ತೆ. ಎರಡಕ್ಕೂ ಡಾಕರ್ ಅಂತಲೇ ಹೆಸರು, ಆದರೆ ಫೈಲ್ ಓದುವ ಕೋಡ್ ಬೇರೆ ಬೇರೆ.

ನಂಬಿಕೆ ಬರದಿದ್ದರೆ ಕಂಟೇನರ್ ಒಳಗೆ ಹೋಗಿ ಪಾಸ್‌ವರ್ಡಿನ ಉದ್ದ ಎಷ್ಟು ಅಂತ ಮಾತ್ರ ಪ್ರಿಂಟ್ ಮಾಡಿ ನೋಡಿ. ಪಾಸ್‌ವರ್ಡನ್ನೇ ಪ್ರಿಂಟ್ ಮಾಡಬೇಡಿ, ಅದು ಲಾಗಿನಲ್ಲಿ ಕೂತುಬಿಡುತ್ತೆ, ಆಮೇಲೆ ಲಾಗ್ ಎಲ್ಲೆಲ್ಲಿಗೆ ಹೋಗುತ್ತೋ ಅಲ್ಲೆಲ್ಲಾ ಪಾಸ್‌ವರ್ಡೂ ಹೋಗುತ್ತೆ.

ತುಂಗಾತೀರ

ಸರ್, ನೋಡಿದೆ. ಎರಡು ಅಕ್ಷರ ಜಾಸ್ತಿ ಬರುತ್ತಿದೆ! ಕೋಟ್ಸ್ ತೆಗೆದೆ, ಸರ್ವರಿನಲ್ಲಿ ಕನೆಕ್ಟ್ ಆಯ್ತು. ಲ್ಯಾಪ್‌ಟಾಪಿನಲ್ಲೂ ಆಯ್ತು, ಹ್ಯಾಶ್ ಇದ್ದರೂ ಕಂಪೋಸ್ ಏನೂ ತಕರಾರು ಮಾಡಲಿಲ್ಲ. ಅದು ಹೇಗೆ? ಹ್ಯಾಶ್ ಅಂದರೆ ಕಾಮೆಂಟ್, ಅಂದರೆ ಓದದೆ ಬಿಡುವ ಟಿಪ್ಪಣಿ ಅಲ್ವಾ?

ಡಬ್ಬ_ಡೆವಾಪ್ಸ್

ಕೋಟ್ಸ್ ಇಲ್ಲದ ವ್ಯಾಲ್ಯೂನಲ್ಲಿ ಹ್ಯಾಶ್‌ಗೆ ಮುಂಚೆ ಒಂದು ಸ್ಪೇಸ್ ಇದ್ದರೆ ಮಾತ್ರ ಕಂಪೋಸ್‌ಗೆ ಅದು ಕಾಮೆಂಟ್. ನಿಮ್ಮದು ಅಕ್ಷರಕ್ಕೆ ಅಂಟಿಕೊಂಡಿದೆ, ಅದಕ್ಕೆ ಉಳೀತು. ಡಾಕರ್ ರನ್‌ಗೆ ಸಾಲಿನ ಶುರುವಿನಲ್ಲಿ ಹ್ಯಾಶ್ ಇದ್ದರಷ್ಟೇ ಕಾಮೆಂಟ್.

ಕೋಡ್_ಕೊಡಗು

ಸ್ವಲ್ಪ ನಿಲ್ಲಿ. ಆ್ಯಪ್ ನೋಡ್‌ಜೆಎಸ್‌ನದ್ದಾ, ಅಂದರೆ ಸರ್ವರಿನಲ್ಲಿ ಓಡುವ ಜಾವಾಸ್ಕ್ರಿಪ್ಟಿನದ್ದಾ? ನಿಮ್ಮ ತಂಡದಲ್ಲಿ ಯಾರಾದರೂ ಡಾಕರ್ ಇಲ್ಲದೆ, ಡಾಟ್‌ಎನ್ವ್ ಪ್ಯಾಕೇಜಿನಿಂದ ನೇರವಾಗಿ ಇದೇ ಫೈಲ್ ಓದಿಸುತ್ತಿದ್ದಾರಾ ಕೇಳಿಕೊಳ್ಳಿ. ಅದರ 15ನೇ ಆವೃತ್ತಿಯಿಂದ ಈಚೆಗೆ ಕೋಟ್ಸ್ ಇಲ್ಲದ ಕಡೆ ಹ್ಯಾಶ್ ಕಂಡರೆ ಮುಗೀತು, ಮುಂಚೆ ಸ್ಪೇಸ್ ಇರಲಿ ಬಿಡಲಿ, ಅಲ್ಲಿಂದ ಮುಂದಿನದ್ದೆಲ್ಲಾ ಕಾಮೆಂಟ್. ಅವರಿಗೆ ಸಿಗುವ ಪಾಸ್‌ವರ್ಡ್ ಬರೀ ‘ಕಾವೇರಿ’. ಪೈಥಾನಿನಲ್ಲಿ ಇದೇ ಕೆಲಸಕ್ಕಿರೋ ಪೈಥಾನ್-ಡಾಟ್‌ಎನ್ವ್ ಮಾತ್ರ ಕಂಪೋಸ್ ಥರ, ಸ್ಪೇಸ್ ಆದಮೇಲೆ ಬರುವ ಹ್ಯಾಶನ್ನಷ್ಟೇ ಕಾಮೆಂಟ್ ಅಂದುಕೊಳ್ಳುತ್ತೆ.

ಒಂದೇ ಸಾಲು. ಡಾಕರ್ ರನ್‌ಗೆ ಕೋಟ್ಸ್ ಇರಬಾರದು, ನೋಡ್‌ನ ಡಾಟ್‌ಎನ್ವ್‌ಗೆ ಕೋಟ್ಸ್ ಇರಲೇಬೇಕು. ಈ ಎರಡನ್ನೂ ಒಟ್ಟಿಗೆ ಸಮಾಧಾನ ಮಾಡೋಕೆ ಆಗಲ್ಲ.

ಹುಬ್ಳಿ_ಹೈದ

ಎನ್ವ್ ಫೈಲ್ ಅಂದರೆ ಕೊನೆಗೆ ಶೆಲ್ ಸ್ಕ್ರಿಪ್ಟ್ (ಟರ್ಮಿನಲ್ ಕಮಾಂಡುಗಳ ಫೈಲು) ತಾನೇ ರೀ. ಶೆಲ್ ನಿಯಮ ಪಾಲಿಸಿದರೆ ಎಲ್ಲಾ ಕಡೆ ನಡೀತದ. ನಾವು ಸೋರ್ಸ್ ಕಮಾಂಡಿನಿಂದ ಅದನ್ನು ಶೆಲ್ ಒಳಗೆ ತಂದೇ ಓಡಿಸೋದು, ಇವತ್ತಿನವರೆಗೆ ಒಂದು ತೊಂದರೆ ಬಂದಿಲ್ಲ.

ಮಲ್ಲೇಶ್ವರಂ_ಲಿನಕ್ಸ್

ಶೆಲ್ ಸ್ಕ್ರಿಪ್ಟ್ ಥರ ಕಾಣುತ್ತೆ, ಅಷ್ಟೇ. ಇದಕ್ಕೆ ಎಲ್ಲರೂ ಒಪ್ಪಿಕೊಂಡ ಒಂದು ಬರಹದ ನಿಯಮವೇ ಇಲ್ಲ. ಬೇರೆ ಕಾನ್ಫಿಗ್ (ಸೆಟ್ಟಿಂಗ್ಸ್) ಫಾರ್ಮ್ಯಾಟುಗಳಾದ ಜೇಸನ್‌ಗೆ ಇದೆ, ಟಾಮಲ್‌ಗೆ ಇದೆ, ಯಾಮಲ್‌ಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಇದೆ. ಎನ್ವ್ ಫೈಲಿಗೆ ಮಾತ್ರ ಓದುವವನು ಏನಂದುಕೊಂಡನೋ ಅದೇ ನಿಯಮ. ಹಾಗಾಗಿ ‘ಕೋಟ್ಸ್ ಹಾಕಬೇಕಾ’ ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ‘ಈ ಫೈಲನ್ನು ಯಾರು ಓದುತ್ತಾರೆ’ ಅಂತ ಕೇಳಿದರೆ ಉತ್ತರ ಸಿಗುತ್ತೆ.

ಸ್ಪೇಸ್ ವಿಷಯವನ್ನೇ ತಗೊಳ್ಳಿ. ಸಮ ಚಿಹ್ನೆಯ ಆಚೆ ಈಚೆ ಚೆಂದಕ್ಕೆ ಸ್ಪೇಸ್ ಬಿಟ್ಟು ಬರೆದಿದ್ದೀರಿ ಅಂದುಕೊಳ್ಳಿ:

ಊರು = ಮೈಸೂರು

ಬ್ಯಾಶ್ ಶೆಲ್‌ನಲ್ಲಿ ಸೋರ್ಸ್ ಮಾಡಿದರೆ ‘ಊರು’ ಅನ್ನೋ ಕಮಾಂಡ್ ಹುಡುಕುತ್ತೆ, ಸಿಗಲಿಲ್ಲ ಅನ್ನುತ್ತೆ. ಡಾಕರ್ ರನ್ ಆದರೆ ವೇರಿಯಬಲ್ ಹೆಸರಿನಲ್ಲಿ ಸ್ಪೇಸ್ ಇದೆ ಅಂತ ಎರರ್ ಕೊಟ್ಟು ಅಲ್ಲೇ ನಿಲ್ಲುತ್ತೆ. ಪೈಥಾನ್-ಡಾಟ್‌ಎನ್ವ್ ಸ್ಪೇಸ್ ಉದುರಿಸಿ ಸುಮ್ಮನೆ ಓದಿಕೊಂಡು ಹೋಗುತ್ತೆ. ಇನ್ನು ಕೋಟ್ಸ್ ಇಲ್ಲದೆ ಎರಡು ಪದ ಬರೆದು, ಉದಾಹರಣೆಗೆ ತಿಂಡಿ=ಮೈಸೂರು ಪಾಕ್ ಅಂತ ಇಟ್ಟು ಬ್ಯಾಶ್‌ನಲ್ಲಿ ಸೋರ್ಸ್ ಮಾಡಿದರೆ, ಅದು ತಿಂಡಿಗೆ ‘ಮೈಸೂರು’ ಅಂತ ಇಟ್ಟುಕೊಂಡು ‘ಪಾಕ್’ ಅನ್ನೋ ಪ್ರೋಗ್ರಾಮ್ ಓಡಿಸೋಕೆ ಹೊರಡುತ್ತೆ. ಆ ಹೆಸರಿನ ಪ್ರೋಗ್ರಾಮ್ ಇಲ್ಲದೇ ಇದ್ದರೆ ಪುಣ್ಯ, ಎರರ್ ಬರುತ್ತೆ. ಇದ್ದರೆ? ಸೋರ್ಸ್ ಮಾಡೋದು ಅಂದರೆ ಫೈಲನ್ನು ಓದೋದಲ್ಲ, ಓಡಿಸೋದು. ಕಾನ್ಫಿಗ್ ಫೈಲನ್ನು ಓಡಿಸೋದು ನನಗಂತೂ ಹಿಡಿಸಲ್ಲ.

ಹುಬ್ಳಿ_ಹೈದ

ಆಯ್ತು ಬಿಡ್ರಿ, ಒಪ್ಪಿದೆ. ಹಂಗಾದ್ರೆ ಲಿನಕ್ಸಿನಲ್ಲಿ ಸರ್ವೀಸ್ ಶುರು ಮಾಡೋ ಸಿಸ್ಟಮ್‌ಡಿ? ಅದರ ಎನ್ವಿರಾನ್‌ಮೆಂಟ್‌ಫೈಲ್ ಸಾಲು ಶೆಲ್ ಥರಾನೇ ಓದ್ತದಲ್ಲ.

ಮಲ್ಲೇಶ್ವರಂ_ಲಿನಕ್ಸ್

ಅರ್ಧ ಮಾತ್ರ. ಕೋಟ್ಸ್ ಬಿಚ್ಚುತ್ತೆ, ಕೋಟ್ಸ್ ಇಲ್ಲದಿದ್ದರೆ ಕೊನೆಯ ಸ್ಪೇಸ್ ಉದುರಿಸುತ್ತೆ. ಆದರೆ ಡಾಲರ್ ಹಾಕಿದ ವೇರಿಯಬಲ್ ಬಿಡಿಸಿ ಅದರ ವ್ಯಾಲ್ಯೂ ತುಂಬಿ ಕೊಡಲ್ಲ. ಸಾಲಿನ ಮುಂದೆ ‘ಎಕ್ಸ್‌ಪೋರ್ಟ್’ ಅಂತ ಬರೆದಿದ್ದರೆ ಆ ಸಾಲನ್ನೇ ಬಿಟ್ಟುಬಿಡುತ್ತೆ. ಹ್ಯಾಶ್ ಅಥವಾ ಅರ್ಧವಿರಾಮ ಸಾಲಿನ ಶುರುವಿನಲ್ಲಿದ್ದರೆ ಮಾತ್ರ ಕಾಮೆಂಟ್. ವ್ಯಾಲ್ಯೂ ಮುಗಿದಮೇಲೆ ಒಂದು ಸ್ಪೇಸ್ ಬಿಟ್ಟು ‘# ಇದನ್ನು ಬದಲಿಸಬೇಡಿ’ ಅಂತ ಯಾರಾದರೂ ಬರೆದಿದ್ದರೆ ಆ ವಾಕ್ಯವೂ ಪಾಸ್‌ವರ್ಡಿನ ಭಾಗವಾಗುತ್ತೆ.

ಅದೂ ಅಲ್ಲದೆ ಯೂನಿಟ್ ಫೈಲಿನ (ಸರ್ವೀಸನ್ನು ಹೇಗೆ ಓಡಿಸಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲು) ಒಳಗೇ ‘ಎನ್ವಿರಾನ್‌ಮೆಂಟ್=’ ಅಂತ ಬರೆದರೆ ಲೆಕ್ಕ ಮತ್ತೆ ಬೇರೆ. ವ್ಯಾಲ್ಯೂನಲ್ಲಿ ಸ್ಪೇಸ್ ಇದ್ದರೆ ಕೀ ಸಮೇತ ಇಡೀ ಜೋಡಿಗೆ ಕೋಟ್ಸ್ ಹಾಕೋದು ವಾಡಿಕೆ, "ತಿಂಡಿ=ಮೈಸೂರು ಪಾಕ್" ಅಂತ. ಪರ್ಸೆಂಟ್ ಚಿಹ್ನೆ ಇದ್ದರೆ ಎರಡು ಸಲ ಬರೆಯಬೇಕು, ಇಲ್ಲದಿದ್ದರೆ ಅದಕ್ಕೆ ಬೇರೆ ಅರ್ಥ ಬರುತ್ತೆ.

ಅಲೆಂಬಿಕ್_ಅಜ್ಜ

ಪರ್ಸೆಂಟ್ ಅಂದ ತಕ್ಷಣ ನೆನಪಾಯ್ತು. ಪೈಥಾನಿನವರು ಡೇಟಾಬೇಸ್ ಬದಲಾವಣೆ ನೋಡಿಕೊಳ್ಳುವ ಅಲೆಂಬಿಕ್ ಟೂಲಿನ ಐಎನ್‌ಐ (ಸೆಟ್ಟಿಂಗ್ಸ್) ಫೈಲಿನಲ್ಲಿ ಇದಕ್ಕೆ ಸಿಕ್ಕಿಬೀಳುತ್ತಲೇ ಇರುತ್ತಾರೆ. ಪಾಸ್‌ವರ್ಡಿನಲ್ಲಿ @ ಇದೆ. ಡೇಟಾಬೇಸ್ ಯುಆರ್‌ಎಲ್ ಒಳಗೆ ಅದನ್ನು ನೇರವಾಗಿ ಬರೆಯೋ ಹಾಗಿಲ್ಲ, %40 ಅಂತ ಬರೆಯಬೇಕು. ಬರೆದರೆ ಐಎನ್‌ಐ ಓದುವ ಪೈಥಾನಿನ ಕಾನ್ಫಿಗ್‌ಪಾರ್ಸರ್ ಕೂಗುತ್ತೆ, ಯಾಕೆಂದರೆ ಅದಕ್ಕೆ ಪರ್ಸೆಂಟ್ ಅಂದರೆ ‘ಇನ್ನೊಂದು ವ್ಯಾಲ್ಯೂ ತಂದು ಇಲ್ಲಿ ತುಂಬು’ ಅನ್ನೋ ಸೂಚನೆ. ಹಾಗಾಗಿ %%40 ಅಂತ ಬರೆಯಬೇಕು. ಒಂದು ಪುಟ್ಟ @ ಎರಡು ಬಾಗಿಲು ದಾಟಬೇಕು, ಎರಡು ಸಲ ವೇಷ ಹಾಕಬೇಕು.

ಕೋಟ್ಸ್ ಹಾಕಿ ಬಚಾವಾಗೋಣ ಅಂದರೆ ಅದೂ ಇಲ್ಲ. ಕಾನ್ಫಿಗ್‌ಪಾರ್ಸರ್ ಹಿಂದೆ ಮುಂದೆ ಇರೋ ಸ್ಪೇಸ್ ತೆಗೆಯುತ್ತೆ, ಕೋಟ್ಸ್ ಮಾತ್ರ ಮುಟ್ಟಲ್ಲ. ಹೆಸರು = "ಕಾವೇರಿ" ಅಂತ ಬರೆದರೆ ಕೋಟ್ಸ್ ಸಮೇತ ಸಿಗುತ್ತೆ. ಮತ್ತೆ ಕೋಡಿನಲ್ಲಿ ಅದನ್ನು ಕಿತ್ತು ಹಾಕೋ ಸಾಲು ಬರೆದಿರುತ್ತಾರೆ ನಮ್ಮ ಜನ. ಆ ಸಾಲು ನೋಡಿದವರು ಇನ್ನೊಂದು ಫೈಲಿನಲ್ಲೂ ಕೋಟ್ಸ್ ಹಾಕುತ್ತಾರೆ, ಅಲ್ಲಿ ಕಿತ್ತು ಹಾಕೋರು ಯಾರೂ ಇರಲ್ಲ.

ಜಾವಾ_ಜಾಣೆ

ನಮ್ಮ ಜಾವಾದ ಪ್ರಾಪರ್ಟೀಸ್ (ಸೆಟ್ಟಿಂಗ್ಸ್) ಫೈಲಿನ ಕಥೆ ಕೇಳಿ. ಇಲ್ಲಿ ಸಮ ಚಿಹ್ನೆ ಆದಮೇಲಿನ ಸ್ಪೇಸ್ ತಾನಾಗೇ ಹೋಗುತ್ತೆ. ಸಾಲಿನ ಕೊನೆಯ ಸ್ಪೇಸ್ ಹೋಗಲ್ಲ! ಸಿಸ್ಟಮ್‌ಡಿ ಉದುರಿಸುತ್ತೆ, ಪೈಥಾನ್ ಉದುರಿಸುತ್ತೆ, ಕೋಡಿನ ಆವೃತ್ತಿಗಳನ್ನು ಇಡುವ ಗಿಟ್ ಉದುರಿಸುತ್ತೆ, ಜಾವಾ ಮಾತ್ರ ಜೋಪಾನವಾಗಿ ಇಟ್ಟುಕೊಳ್ಳುತ್ತೆ. ಯಾರೋ ಚಾಟ್‌ನಿಂದ ಪಾಸ್‌ವರ್ಡ್ ಕಾಪಿ ಮಾಡಿ ಅಂಟಿಸುತ್ತಾರೆ, ಕೊನೆಗೆ ಒಂದು ಸ್ಪೇಸ್ ಬಂದಿರುತ್ತೆ, ಎಡಿಟರಿನಲ್ಲಿ ಕಾಣಲ್ಲ. ಕೋಟ್ಸ್ ಇಲ್ಲೂ ಮಾಮೂಲಿ ಅಕ್ಷರವೇ, ಅವಕ್ಕೆ ಯಾವ ವಿಶೇಷವೂ ಇಲ್ಲ.

ವಿಂಡೋಸ್ ಪಾತ್ ಹಾಕುವವರು ಇನ್ನೂ ಹುಷಾರಾಗಿರಬೇಕು. ಬ್ಯಾಕ್‌ಸ್ಲ್ಯಾಶ್ ಪಕ್ಕದಲ್ಲಿ ಟೆಂಪ್ ಅನ್ನೋ ಫೋಲ್ಡರಿನ ‘ಟಿ’ ಬಂತಾ, ಎರಡೂ ಸೇರಿ ಒಂದು ಟ್ಯಾಬ್ ಆಗುತ್ತೆ. ಬ್ಯಾಕ್‌ಸ್ಲ್ಯಾಶ್ ಎರಡು ಸಲ ಬರೆಯಬೇಕು, ಅಥವಾ ಮುಂದಕ್ಕೆ ವಾಲಿದ ಸ್ಲ್ಯಾಶ್ ಹಾಕಿದರೂ ಜಾವಾ ಒಪ್ಪುತ್ತೆ.

ಕನ್ನಡದ ಮೆನು, ಕನ್ನಡದ ಎರರ್ ಮೆಸೇಜು ಇದೇ ಥರದ ಫೈಲಿನಲ್ಲಿ ಇಡುವವರಿಗೆ ಇನ್ನೊಂದು ಮಾತು. ಜಾವಾ 8ರವರೆಗೆ ರಿಸೋರ್ಸ್ ಬಂಡಲ್ (ಭಾಷೆಗೆ ತಕ್ಕ ಪಠ್ಯ ಕೊಡುವ ಜಾವಾ ಕ್ಲಾಸ್) ಈ ಫೈಲನ್ನು ಲ್ಯಾಟಿನ್-1 (ಕನ್ನಡವಿಲ್ಲದ ಹಳೇ ಎನ್‌ಕೋಡಿಂಗ್) ಅಂದುಕೊಂಡೇ ಓದುತ್ತಿತ್ತು. ಕನ್ನಡದ ಒಂದೊಂದು ಅಕ್ಷರಕ್ಕೂ ಬ್ಯಾಕ್‌ಸ್ಲ್ಯಾಶ್, ಯು, ನಾಲ್ಕು ಅಂಕಿಯ ಕೋಡ್ ಬರೆಯಬೇಕಿತ್ತು. ಅದಕ್ಕೆ ನೇಟಿವ್-ಟು-ಆಸ್ಕಿ ಅನ್ನೋ ಟೂಲ್ ಜೊತೆಯಲ್ಲೇ ಬರುತ್ತಿತ್ತು. ಜಾವಾ 9ರಿಂದ ರಿಸೋರ್ಸ್ ಬಂಡಲ್ ಯುಟಿಎಫ್-8 (ಎಲ್ಲಾ ಲಿಪಿಗಳಿಗೂ ಆಗುವ ಎನ್‌ಕೋಡಿಂಗ್) ಆಯ್ತು, ಆ ಟೂಲನ್ನೂ ತೆಗೆದರು. ಆದರೆ ಪ್ರಾಪರ್ಟೀಸ್ ಕ್ಲಾಸಿಗೆ ನೇರವಾಗಿ ಇನ್‌ಪುಟ್‌ಸ್ಟ್ರೀಮ್ ಕೊಟ್ಟು ಲೋಡ್ ಮಾಡಿದರೆ ಇವತ್ತಿಗೂ ಲ್ಯಾಟಿನ್-1ಏ. ರೀಡರ್ ಮಾಡಿ, ಎನ್‌ಕೋಡಿಂಗ್ ಹೇಳಿ ಕೊಡಬೇಕು.

ಅಕ್ಷರ_ಪ್ರಿಯೆ

ಕನ್ನಡದ ವಿಷಯ ಬಂದಿದ್ದು ಒಳ್ಳೇದಾಯ್ತು. ಇಲ್ಲಿ ಎಲ್ಲರೂ ಸ್ಪೇಸ್ ಬಗ್ಗೆ ಮಾತಾಡುತ್ತಿದ್ದೀರಿ, ನಮ್ಮ ಕಡೆ ಅದಕ್ಕಿಂತ ಕೆಟ್ಟದ್ದು ಒಂದಿದೆ.

ಜಿಲ್ಲೆಯ ಹೆಸರು ಕೊಟ್ಟರೆ ಯಾವ ಕಚೇರಿ ಅಂತ ಹೇಳುವ ಒಂದು ಕಾನ್ಫಿಗ್ ಇತ್ತು. ಮೂವತ್ತು ಜಿಲ್ಲೆ ಸರಿಯಾಗಿ ಸಿಗುತ್ತಿದ್ದವು, ಬೀದರ್ ಮಾತ್ರ ಸಿಗುತ್ತಿರಲಿಲ್ಲ. ಫೈಲಿನಲ್ಲಿ ‘ಬೀದರ್’ ಅಂತಲೇ ಇದೆ, ಹುಡುಕುತ್ತಿರುವುದೂ ‘ಬೀದರ್’. ಪಕ್ಕಪಕ್ಕ ಇಟ್ಟು ನೋಡಿದರೆ ಕೂದಲಷ್ಟೂ ವ್ಯತ್ಯಾಸ ಇಲ್ಲ. ಸ್ಪೇಸ್ ಇರಬಹುದು ಅಂತ ಟ್ರಿಮ್ ಮಾಡಿದರೂ ಅದೇ ಕಥೆ. ಕೊನೆಗೆ ಬೈಟ್ ಎಣಿಸಿದರೆ ಒಂದು 15, ಇನ್ನೊಂದು 18.

ಬ, ಈಕಾರ, ದ, ರ, ಹಲಂತ. ಐದು ಕೋಡ್, ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರು ಬೈಟು, 15 ಸರಿ. ಮಿಕ್ಕ ಮೂರು ಬೈಟು ಝಡ್‌ಡಬ್ಲ್ಯುಎನ್‌ಜೆ (ZWNJ), ಕಣ್ಣಿಗೆ ಕಾಣದ ಒಂದು ಅಕ್ಷರ. ‘ಪಾಸ್‌ವರ್ಡ್’ ಅಂತ ಬರೆಯುವಾಗ ‘ಸ್’ ಕೆಳಗೆ ‘ವ’ ಒತ್ತಕ್ಷರವಾಗಿ ಇಳಿಯದಿರಲಿ ಅಂತ ನಡುವೆ ಹಾಕುತ್ತೇವಲ್ಲ, ಅದೇ. ಪದದ ನಡುವೆ ಇದ್ದರೆ ರೂಪ ಬದಲಾಗಿ ಕಣ್ಣಿಗೆ ಕಾಣುತ್ತೆ. ಪದದ ಕೊನೆಯ ಹಲಂತದ ಮುಂದೆ ಕೂತರೆ ಏನೇನೂ ಕಾಣಲ್ಲ. ಟೈಪ್ ಮಾಡುವಾಗ ಅಭ್ಯಾಸಬಲದಿಂದ ಒತ್ತಿರುತ್ತಾರೆ, ಇಲ್ಲಾ ಹಳೇ ಫಾಂಟಿನಿಂದ ಯೂನಿಕೋಡಿಗೆ ಬದಲಿಸಿದಾಗ ಬಂದಿರುತ್ತೆ.

ಟ್ರಿಮ್ ಇದನ್ನು ಮುಟ್ಟಲ್ಲ, ಯಾಕೆಂದರೆ ಯೂನಿಕೋಡ್ ಲೆಕ್ಕದಲ್ಲಿ ಇದು ಸ್ಪೇಸ್ ಅಲ್ಲವೇ ಅಲ್ಲ. ಪೈಥಾನಿನ ಸ್ಟ್ರಿಪ್, ಜಾವಾಸ್ಕ್ರಿಪ್ಟಿನ ಟ್ರಿಮ್ ಎರಡೂ ವೆಬ್ ಪುಟದಿಂದ ಬರುವ ನಾನ್-ಬ್ರೇಕಿಂಗ್ ಸ್ಪೇಸನ್ನು ತೆಗೆಯುತ್ತವೆ, ಇದನ್ನು ಬಿಡುತ್ತವೆ. ಜಾವಾದ ಟ್ರಿಮ್, ಸ್ಟ್ರಿಪ್ ಎರಡೂ ನಾನ್-ಬ್ರೇಕಿಂಗ್ ಸ್ಪೇಸನ್ನೂ ಬಿಡುತ್ತವೆ!

ಜಾವಾ_ಜಾಣೆ

ಎನ್‌ಎಫ್‌ಸಿಗೆ (ಒಂದೇ ಅಕ್ಷರದ ಬೇರೆ ಬೇರೆ ಕೋಡನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಿಯಮ) ನಾರ್ಮಲೈಸ್ ಮಾಡಿದರೆ ಹೋಗಲ್ವಾ?

ಅಕ್ಷರ_ಪ್ರಿಯೆ

ಇದು ಹೋಗಲ್ಲ, ಆದರೆ ಮಾಡೋದು ಒಳ್ಳೇದೇ. ‘ಬೀ’ಯ ಈಕಾರವನ್ನೇ ಎರಡು ಥರ ಬರೆಯಬಹುದು, ಒಂದೇ ಚಿಹ್ನೆಯಾಗಿ, ಅಥವಾ ಇಕಾರ ಮತ್ತು ದೀರ್ಘದ ಚಿಹ್ನೆ ಎರಡಾಗಿ. ಆ ಗೊಂದಲವನ್ನು ಎನ್‌ಎಫ್‌ಸಿ ಸರಿ ಮಾಡುತ್ತೆ. ಝಡ್‌ಡಬ್ಲ್ಯುಎನ್‌ಜೆಯನ್ನು ನೀವೇ ತೆಗೆಯಬೇಕು. ಅದೂ ಎರಡು ತುದಿಯಲ್ಲಿ ಮಾತ್ರ ತೆಗೆಯಿರಿ. ನಡುವಿನದ್ದನ್ನೂ ಕಿತ್ತರೆ ‘ರಾಜ್‌ಕುಮಾರ್’ ಹೋಗಿ ‘ರಾಜ್ಕುಮಾರ್’ ಆಗಿಬಿಡುತ್ತೆ, ಆಮೇಲೆ ಬೈಗುಳ ತಿನ್ನೋರು ನೀವೇ.

ಹುಬ್ಳಿ_ಹೈದ

ವರ್ಡ್‌ನಿಂದ ಕಾಪಿ ಮಾಡಿದ ಬಾಗಿದ ಕೋಟ್ಸ್ ಬಗ್ಗೆನೂ ಹೇಳಿಬಿಡ್ರಿ. “ಕಾವೇರಿ” ಅಂತ ಬಾಗಿದ ಕೋಟ್ಸ್ ಇದ್ದರೆ ಯಾವ ಪಾರ್ಸರೂ (ಫೈಲ್ ಓದೋ ಕೋಡ್) ಬಿಚ್ಚಲ್ಲ, ಅವಕ್ಕೆ ಅದು ಮಾಮೂಲಿ ಅಕ್ಷರ. ಡಾಕ್ಯುಮೆಂಟೇಶನ್ ವರ್ಡ್ ಫೈಲಿನಲ್ಲಿ ಇಡೋ ಆಫೀಸುಗಳಲ್ಲಿ ಇದು ದಿನಾ ಇದ್ದದ್ದೇ.

ಎಸ್‌ಟಿಡಿ_ಬೂತ್

ಯಾಮಲ್ ಕಡೆ ಯಾರೂ ಹೋಗಲೇ ಇಲ್ಲ. ಅಲ್ಲಿ ಕೋಟ್ಸ್ ಇದ್ದರೆ ಸ್ಟ್ರಿಂಗ್ (ಬರೀ ಪಠ್ಯ), ಇಲ್ಲದಿದ್ದರೆ ಅದೃಷ್ಟ. ಊರುಗಳ ಎಸ್‌ಟಿಡಿ ಕೋಡ್ ಕೋಟ್ಸ್ ಇಲ್ಲದೆ ಬರೆದು ನೋಡಿ:

ಬೆಂಗಳೂರು: 080
ಚೆನ್ನೈ: 044
ಹೈದರಾಬಾದ್: 040
ಮುಂಬೈ: 022

ಪೈಥಾನಿನ ಪೈಯಾಮಲ್‌ನಲ್ಲಿ ಓದಿಸಿದರೆ ಚೆನ್ನೈ 36, ಹೈದರಾಬಾದ್ 32, ಮುಂಬೈ 18 ಆಗುತ್ತೆ. ಯಾಮಲ್ 1.1ರಲ್ಲಿ ಸೊನ್ನೆಯಿಂದ ಶುರುವಾದ ಸಂಖ್ಯೆ ಆಕ್ಟಲ್, ಅಂದರೆ ಎಂಟರ ಲೆಕ್ಕ. ಬೆಂಗಳೂರು ಮಾತ್ರ 080 ಆಗಿಯೇ ಉಳಿಯುತ್ತೆ, ಯಾಕೆಂದರೆ ಆಕ್ಟಲ್‌ನಲ್ಲಿ 8 ಅನ್ನೋ ಅಂಕಿಯೇ ಇಲ್ಲ, ಹಾಗಾಗಿ ಅದನ್ನು ಸ್ಟ್ರಿಂಗ್ ಅಂತ ಬಿಟ್ಟುಬಿಡುತ್ತೆ. ಮೈಸೂರಿನ 0821, ಹುಬ್ಬಳ್ಳಿಯ 0836, ಮಂಗಳೂರಿನ 0824 ಎಲ್ಲಾ ಇದೇ ಕಾರಣಕ್ಕೆ ಬಚಾವ್. ಕರ್ನಾಟಕದ ಊರುಗಳನ್ನಷ್ಟೇ ಹಾಕಿ ಟೆಸ್ಟ್ ಮಾಡಿದರೆ ಯಾವ ತಪ್ಪೂ ಸಿಗಲ್ಲ!

ಅದೇ ಫೈಲನ್ನು 2009ರ ಯಾಮಲ್ 1.2ರ ಕೋರ್ ನಿಯಮದಂತೆ ಓದುವ ಪಾರ್ಸರಿಗೆ ಕೊಡಿ. ಅಲ್ಲಿ ಬರೀ ಸೊನ್ನೆ ಹಾಕಿದರೆ ಆಕ್ಟಲ್ ಅಲ್ಲ, ಮಾಮೂಲಿ ಸಂಖ್ಯೆ. ಈಗ ಬೆಂಗಳೂರು 80, ಚೆನ್ನೈ 44. ಎಲ್ಲರ ಸೊನ್ನೆಯೂ ಹೋಯ್ತು.

ಕೋಡ್_ಕೊಡಗು

ಭಲೇ. ಸಿಐ (ಕೋಡನ್ನು ತಾನಾಗೇ ಟೆಸ್ಟ್ ಮಾಡುವ ವ್ಯವಸ್ಥೆ) ಫೈಲಿನಲ್ಲಿ ಪೈಥಾನ್ ಆವೃತ್ತಿ 3.10 ಅಂತ ಕೋಟ್ಸ್ ಇಲ್ಲದೆ ಬರೆದರೆ 3.1 ಆಗೋದೂ ಇದೇ ಜಾತಿ.

ನನ್ನದೊಂದು: ಗಿಟ್ ಕಾನ್ಫಿಗ್‌ನಲ್ಲಿ ಅಲಿಯಾಸ್ (ಕಮಾಂಡಿಗೆ ಚಿಕ್ಕ ಹೆಸರು) ಬರೆಯುವಾಗ ಅರ್ಧವಿರಾಮ ಇದ್ದರೆ ಕೋಟ್ಸ್ ಹಾಕಲೇಬೇಕು. ಗಿಟ್‌ಗೆ ಹ್ಯಾಶ್ ಥರ ಅರ್ಧವಿರಾಮವೂ ಕಾಮೆಂಟ್. ಎರಡು ಶೆಲ್ ಕಮಾಂಡನ್ನು ಅರ್ಧವಿರಾಮದಿಂದ ಜೋಡಿಸಿದ್ದರೆ ಮೊದಲನೆಯದು ಮಾತ್ರ ಓಡುತ್ತೆ, ಎರಡನೆಯದು ಎಲ್ಲಿ ಹೋಯ್ತು ಅಂತ ಗೊತ್ತೇ ಆಗಲ್ಲ. ಅದಕ್ಕೆ ಡಬಲ್ ಕೋಟ್ ಮಾತ್ರ ಗೊತ್ತು, ಸಿಂಗಲ್ ಕೋಟ್ ಹಾಕಿದರೆ ಉಪಯೋಗ ಇಲ್ಲ.

ತುಂಗಾತೀರ

ಎಲ್ಲರಿಗೂ ಥ್ಯಾಂಕ್ಸ್, ಆದರೆ ನನ್ನ ಕಥೆ ಮುಗಿದಿಲ್ಲ. ಆಪರೇಶನ್ಸ್ ತಂಡದವರು ಟೆಸ್ಟ್ ಡೇಟಾಬೇಸಿನ ಪಾಸ್‌ವರ್ಡ್ ಬದಲಿಸಿದರು. ಹೊಸದರ ನಡುವೆ ಡಾಲರ್ ಇದೆ, ಅದರ ಹಿಂದೆಯೇ ಅಕ್ಷರಗಳು. ಸರ್ವರಿನಲ್ಲಿ ಡಾಕರ್ ರನ್ ಸುಮ್ಮನೆ ಓಡುತ್ತೆ. ಲ್ಯಾಪ್‌ಟಾಪಿನಲ್ಲಿ ಕಂಪೋಸ್ ‘ಈ ವೇರಿಯಬಲ್ ಸೆಟ್ ಆಗಿಲ್ಲ, ಖಾಲಿ ಅಂದುಕೊಳ್ಳುತ್ತೇನೆ’ ಅಂತ ವಾರ್ನಿಂಗ್ ಕೊಟ್ಟು ಪಾಸ್‌ವರ್ಡಿನ ಬಾಲ ಕತ್ತರಿಸಿಬಿಡುತ್ತೆ. ಸಿಂಗಲ್ ಕೋಟ್ ಹಾಕಿದರೆ ಕಂಪೋಸ್ ಸರಿ ಹೋಗುತ್ತೆ, ಆದರೆ ಡಾಕರ್ ರನ್ ಮತ್ತೆ ಕೋಟ್ಸ್ ಸಮೇತ ನುಂಗುತ್ತೆ.

ಡಬ್ಬ_ಡೆವಾಪ್ಸ್

ಹೌದು, ಕಂಪೋಸ್ ಕೋಟ್ಸ್ ಇಲ್ಲದಿದ್ದರೂ, ಡಬಲ್ ಕೋಟ್ ಇದ್ದರೂ ಡಾಲರ್ ಬಿಡಿಸುತ್ತೆ. ಸಿಂಗಲ್ ಕೋಟ್ ಒಳಗೆ ಮಾತ್ರ ಕೈ ಹಾಕಲ್ಲ. ಕಂಪೋಸ್ 2.30ರಿಂದ ಇದಕ್ಕೊಂದು ದಾರಿ ಇದೆ. ಕಂಪೋಸ್‌ನ ಯಾಮಲ್‌ನಲ್ಲಿ ಎನ್ವ್_ಫೈಲ್ ಕೆಳಗೆ ಪಾತ್ ಜೊತೆಗೆ ಫಾರ್ಮ್ಯಾಟ್ ಅಂತ ಕೊಟ್ಟು ‘ರಾ’ ಅಂತ ಬರೆಯಿರಿ. ಆಗ ಅದು ಕೋಟ್ಸ್ ಬಿಚ್ಚಲ್ಲ, ಡಾಲರ್ ಬಿಡಿಸಲ್ಲ, ಡಾಕರ್ ರನ್ ಥರವೇ ಇದ್ದದ್ದನ್ನು ಇದ್ದ ಹಾಗೆ ಕೊಡುತ್ತೆ. ಕೋಟ್ಸ್ ಇಲ್ಲದ ಒಂದೇ ಫೈಲ್ ಎರಡೂ ಕಡೆ ನಡೆಯುತ್ತೆ.

ಒಂದು ನೆನಪಿರಲಿ, ಇದು ಕಂಟೇನರಿಗೆ ಕೊಡುವ ಫೈಲಿಗೆ ಮಾತ್ರ. ಕಂಪೋಸ್‌ನ ಯಾಮಲ್ ಪಕ್ಕದಲ್ಲೇ ಕೂತು ಅದರ ಒಳಗಿನ ಡಾಲರ್‌ಗಳನ್ನು ತುಂಬುವ ಎನ್ವ್ ಫೈಲ್ ಇರುತ್ತಲ್ಲ, ಅದರ ಕೆಲಸವೇ ಬೇರೆ.

ಮಲ್ಲೇಶ್ವರಂ_ಲಿನಕ್ಸ್

ನಾನಾಗಿದ್ದರೆ ಪಾಸ್‌ವರ್ಡನ್ನೇ ಬದಲಿಸಿ ಅನ್ನುತ್ತಿದ್ದೆ. ಓಪನ್‌ಎಸ್‌ಎಸ್‌ಎಲ್‌ನಿಂದ 32 ರ‍್ಯಾಂಡಮ್ ಬೈಟ್ ಹೆಕ್ಸ್ ರೂಪದಲ್ಲಿ ತೆಗೆಯಿರಿ. 64 ಅಕ್ಷರ ಬರುತ್ತೆ, 256 ಬಿಟ್ ಬಲ, ಎಲ್ಲಾ ಬರೀ ಅಂಕಿ ಮತ್ತು ಎ ಇಂದ ಎಫ್. ಹ್ಯಾಶ್ ಇಲ್ಲ, ಡಾಲರ್ ಇಲ್ಲ, ಪರ್ಸೆಂಟ್ ಇಲ್ಲ. ಮನುಷ್ಯರು ನೆನಪಿಟ್ಟುಕೊಳ್ಳಬೇಕಾಗಿಲ್ಲದ ಪಾಸ್‌ವರ್ಡಿಗೆ ವಿಶೇಷ ಚಿಹ್ನೆ ಯಾತಕ್ಕೆ?

ತುಂಗಾತೀರ

ವಿಶೇಷ ಚಿಹ್ನೆ ಒಂದಾದರೂ ಇರಲೇಬೇಕು ಅಂತ ಪಾಲಿಸಿ ಇದೆ ಸರ್.

ಮಲ್ಲೇಶ್ವರಂ_ಲಿನಕ್ಸ್

ನಡುವೆ ಎಲ್ಲಾದರೂ ಒಂದು ಹೈಫನ್ ಹಾಕಿ. ಇಲ್ಲಿ ಮಾತಾಡಿದ ಯಾವ ಪಾರ್ಸರಿಗೂ ಅದರ ಮೇಲೆ ದ್ವೇಷ ಇಲ್ಲ.

ಅಲೆಂಬಿಕ್_ಅಜ್ಜ

ಮುಂದೆ ಕುಬರ್ನೆಟಿಸ್‌ಗೆ (ತುಂಬಾ ಕಂಟೇನರ್ ಒಟ್ಟಿಗೆ ನಡೆಸುವ ವ್ಯವಸ್ಥೆ) ಹೋದರೆ ಒಂದು ಎಚ್ಚರಿಕೆ. ಅದರಲ್ಲಿ ಪಾಸ್‌ವರ್ಡ್ ಇಡುವ ಸೀಕ್ರೆಟ್ ಮಾಡುವಾಗ ಪಾಸ್‌ವರ್ಡನ್ನು ಎಕೋ ಮಾಡಿ ಬೇಸ್64 ಎನ್‌ಕೋಡಿಂಗ್‌ಗೆ ಪೈಪ್ ಮಾಡಿದರೆ ಎಕೋ ಕೊನೆಗೆ ಹಾಕುವ ಹೊಸಸಾಲಿನ ಅಕ್ಷರವೂ ಪಾಸ್‌ವರ್ಡಿನೊಳಗೆ ಸೇರಿಕೊಳ್ಳುತ್ತೆ. ಪ್ರಿಂಟ್‌ಎಫ್ ಬಳಸಿ.

ತುಂಗಾತೀರ

ನನ್ನ ಲ್ಯಾಪ್‌ಟಾಪಿನಲ್ಲಿ ಕಂಪೋಸ್ 2.30 ದಾಟಿದೆ, ‘ರಾ’ ಹಾಕಿದೆ, ಡಾಲರ್ ಸಮೇತ ಪಾಸ್‌ವರ್ಡ್ ಸರಿಯಾಗಿ ಹೋಗುತ್ತಿದೆ. ತಂಡದಲ್ಲಿ ಇಬ್ಬರ ಹತ್ತಿರ ಹಳೇ ಆವೃತ್ತಿ ಇದೆ, ಅವರಿಗೆ ಅಪ್‌ಡೇಟ್ ಮಾಡೋಕೆ ಹೇಳಿದ್ದೇನೆ. ಕೋಡ್_ಕೊಡಗು ಅವರು ಕೇಳಿದ್ದು ಸರಿ, ಒಬ್ಬರು ಡಾಟ್‌ಎನ್ವ್‌ನಿಂದ ನೇರವಾಗಿ ಓದಿಸುತ್ತಿದ್ದಾರೆ. ಅವರಿಗೆ ಬೇರೆ ಫೈಲ್ ಮಾಡಿಕೊಟ್ಟು ಮೇಲುಗಡೆ ‘ಇದನ್ನು ಡಾಟ್‌ಎನ್ವ್ ಮಾತ್ರ ಓದುತ್ತೆ’ ಅಂತ ಕಾಮೆಂಟ್ ಹಾಕಿದ್ದೇನೆ.

ಡಬ್ಬ_ಡೆವಾಪ್ಸ್

ಸಾಲಿನ ಶುರುವಿನಲ್ಲೇ ಹಾಕಿದ್ದೀರಿ ತಾನೇ, ಹ್ಯಾಶು?

ತುಂಗಾತೀರ

ಹೌದು ಸರ್ 😄